ಏಳು ಮೋಡ್ ಬಾಯಿಪಾಠ, ಆದರೂ ಎಲ್ಲವೂ ಸಿ ಮೇಜರ್ ಥರವೇ ಯಾಕೆ ಕೇಳುತ್ತದೆ?

ಪ್ರಶ್ನೆ: ಎರಡು ವರ್ಷದಿಂದ ಅಕೌಸ್ಟಿಕ್ ಗಿಟಾರ್ ನುಡಿಸುತ್ತಿದ್ದೇನೆ. ಏಳೂ ಮೋಡ್‌ಗಳ (ಒಂದೇ ಸ್ವರಗಳನ್ನು ಬೇರೆ ಬೇರೆ ಸ್ವರದಿಂದ ಶುರು ಮಾಡುವ ಸ್ಕೇಲ್‌ಗಳ) ಪ್ಯಾಟರ್ನ್ ಬಾಯಿಪಾಠ ಆಗಿದೆ. ಆದರೆ ‘ಡಿ ಡೋರಿಯನ್’ ಅಂತ ಹೆಸರಿರುವ ಬ್ಯಾಕಿಂಗ್ ಟ್ರ್ಯಾಕ್ (ಹಿನ್ನೆಲೆ ವಾದ್ಯಗಳ ರೆಕಾರ್ಡಿಂಗ್) ಹಾಕಿಕೊಂಡು ಮನಸ್ಸಿಗೆ ಬಂದಂತೆ ನುಡಿಸಿದರೆ, ಸಿ ಮೇಜರ್ ಸ್ಕೇಲನ್ನೇ ಹಿಂದೆ ಮುಂದೆ ಓಡಿಸಿದ ಹಾಗೆ ಕೇಳುತ್ತದೆ. ಟ್ರ್ಯಾಕ್ ಬದಲಿಸಿದೆ, ವೇಗ ಹೆಚ್ಚಿಸಿದೆ, ಏನೂ ಉಪಯೋಗ ಆಗಲಿಲ್ಲ. ಕರ್ನಾಟಕ ಸಂಗೀತ ಕಲಿತಿರುವ ಅಮ್ಮ ‘ನೀನು ಷಡ್ಜಕ್ಕೆ ಬಂದು ನಿಲ್ಲೋದೇ ಇಲ್ವಲ್ಲ’ ಅನ್ನುತ್ತಾರೆ. ಷಡ್ಜ ಅಂದರೆ ಆಧಾರ ಸ್ವರ ‘ಸ’. ಮೋಡ್‌ಗಳನ್ನು ಹೀಗೆ ಟ್ರ್ಯಾಕ್ ಹಾಕಿಕೊಂಡು ನುಡಿಸುತ್ತಲೇ ಕಲಿಯಲು ಸಾಧ್ಯವೇ? ಎಲ್ಲಿಂದ ಶುರು ಮಾಡಲಿ?

ಉತ್ತರ: ಸಾಧ್ಯ. ಅಮ್ಮ ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದಾರೆ. ನಿಮ್ಮ ಬೆರಳುಗಳು ಏಳು ಪ್ಯಾಟರ್ನ್ ಕಲಿತಿವೆ, ಆದರೆ ಕಿವಿಗೆ ಗೊತ್ತಿರುವ ಷಡ್ಜ ಒಂದೇ, ಅದು ಸಿ.

ಇದು ಹೇಗಾಗುತ್ತದೆ ನೋಡಿ. ಹೆಚ್ಚಿನ ಗಿಟಾರ್ ಪಾಠಗಳಲ್ಲಿ ಮೋಡ್ ಹೇಳಿಕೊಡುವುದು ಹೀಗೆ: ಸಿ ಮೇಜರ್ ಸ್ಕೇಲ್ ತೆಗೆದುಕೊಳ್ಳಿ. ಸಿ ಸ್ವರದಿಂದ ಶುರು ಮಾಡಿದರೆ ಅಯೋನಿಯನ್. ಅದೇ ಸ್ವರಗಳನ್ನು ಡಿ ಇಂದ ನುಡಿಸಿದರೆ ಡೋರಿಯನ್, ‘ಇ’ ಇಂದ ಫ್ರಿಜಿಯನ್, ಎಫ್ ಇಂದ ಲಿಡಿಯನ್, ಜಿ ಇಂದ ಮಿಕ್ಸೊಲಿಡಿಯನ್, ‘ಎ’ ಇಂದ ಏಯೋಲಿಯನ್, ಬಿ ಇಂದ ಲೋಕ್ರಿಯನ್. ಲೆಕ್ಕ ಸರಿಯಾಗಿಯೇ ಇದೆ. ನಮ್ಮಲ್ಲಿ ಇದಕ್ಕೆ ಗ್ರಹಭೇದ ಅನ್ನುತ್ತಾರೆ. ಶಂಕರಾಭರಣದ ರಿಷಭವನ್ನು ಷಡ್ಜ ಮಾಡಿಕೊಂಡರೆ ಖರಹರಪ್ರಿಯ, ಗಾಂಧಾರವನ್ನು ಮಾಡಿಕೊಂಡರೆ ತೋಡಿ, ಮಧ್ಯಮದಿಂದ ಕಲ್ಯಾಣಿ, ಪಂಚಮದಿಂದ ಹರಿಕಾಂಭೋಜಿ, ಧೈವತದಿಂದ ನಠಭೈರವಿ. ನಿಷಾದದಿಂದ ಹೊರಟರೆ ಪಂಚಮವೇ ಸಿಗುವುದಿಲ್ಲ, ಹಾಗಾಗಿ ಅಲ್ಲಿ ಮೇಳಕರ್ತ ರಾಗವೂ (ಏಳೂ ಸ್ವರ ಇರುವ ಮೂಲ ರಾಗ) ಇಲ್ಲ.

ಈಗ ಕಛೇರಿಯಲ್ಲಿ ಗ್ರಹಭೇದ ಮಾಡುವವರನ್ನು ಗಮನಿಸಿ. ತಂಬೂರಿ ಹಳೆಯ ಷಡ್ಜವನ್ನೇ ಮೀಟುತ್ತಿರುತ್ತದೆ. ಹಾಡುವವರು ಹೊಸ ಸ್ವರದ ಮೇಲೆ ಸಾಕಷ್ಟು ಹೊತ್ತು ನಿಂತು, ಅದರ ಸುತ್ತಲೇ ಸಂಚರಿಸಿ, ಕೇಳುವವರ ಕಿವಿಯನ್ನು ಬಲವಂತವಾಗಿ ಅಲ್ಲಿಗೆ ಎಳೆಯಬೇಕು. ಆಗ ಸ್ವಲ್ಪ ಹೊತ್ತು ಬೇರೆ ರಾಗ ಕಾಣಿಸುತ್ತದೆ. ಹಿಡಿತ ಸಡಿಲ ಆಯಿತೋ, ಕಿವಿ ಹಳೆಯ ಷಡ್ಜಕ್ಕೆ ವಾಪಸ್. ದೊಡ್ಡ ವಿದ್ವಾಂಸರೇ ಇದನ್ನು ಎಚ್ಚರಿಕೆಯಿಂದ, ಕೆಲವೇ ಆವರ್ತ ಮಾಡುತ್ತಾರೆ. ನಾವು ಅದನ್ನು ಗಿಟಾರ್ ಕಲಿಯುವವರಿಗೆ ಮೊದಲ ಪಾಠವಾಗಿ ಕೊಡುತ್ತಿದ್ದೇವೆ!

ನಿಮ್ಮ ಟ್ರ್ಯಾಕ್ ಕೂಡ ಸಹಾಯ ಮಾಡುತ್ತಿಲ್ಲ ಅಂತ ನನ್ನ ಗುಮಾನಿ. ಡಿ ಡೋರಿಯನ್ ಟ್ರ್ಯಾಕ್‌ಗಳಲ್ಲಿ ಸಾಮಾನ್ಯವಾಗಿ ಡಿ ಮೈನರ್ 7 ಮತ್ತು ಜಿ7 ಎಂಬ ಎರಡು ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಸರದಿಯಲ್ಲಿ ಬರುತ್ತವೆ. ಇವೇ ಎರಡು ಕಾರ್ಡ್ ಲೆಕ್ಕವಿಲ್ಲದಷ್ಟು ಹಾಡುಗಳಲ್ಲಿ ಸಿ ಮೇಜರ್ ಬರುವುದಕ್ಕೆ ಸ್ವಲ್ಪ ಮುಂಚೆ ಬರುತ್ತವೆ. ಜಿ7 ಕೇಳಿದ ತಕ್ಷಣ ಕಿವಿ ಸಿ ಬರಲಿ ಅಂತ ಕಾಯುತ್ತದೆ. ಟ್ರ್ಯಾಕ್ ಕೊಡುವುದಿಲ್ಲ. ಆಗ ನಿಮ್ಮ ಬೆರಳೇ ಹೋಗಿ ಸಿ ಮೇಲೆ ಕೂರುತ್ತದೆ. ಅಲ್ಲಿಗೆ ಡೋರಿಯನ್ ಕಥೆ ಮುಗಿಯಿತು.

ಹಾಗಾಗಿ ಏಳು ಪ್ಯಾಟರ್ನ್‌ಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮರೆಯಬೇಕಿಲ್ಲ, ಮುಂದೆ ಬೇಕಾಗುತ್ತವೆ. ಈಗ ಬೇಕಿರುವುದು ಅದರ ತಿರುಗುಮುರುಗು ಕೆಲಸ: ಷಡ್ಜ ಕದಲಬಾರದು, ಸುತ್ತಲಿನ ಸ್ವರಗಳು ಬದಲಾಗಬೇಕು. ಅಮ್ಮ ಕಲ್ಯಾಣಿ ಹಾಡಲಿ, ತೋಡಿ ಹಾಡಲಿ, ಶ್ರುತಿ ಅದೇ ಇರುತ್ತದೆ ಅಲ್ವಾ? ಗಿಟಾರಿನಲ್ಲೂ ಹಾಗೇ ಮಾಡೋಣ.

ನಮ್ಮ ಮೊದಲ ಬ್ಯಾಕಿಂಗ್ ಟ್ರ್ಯಾಕ್ ತಂಬೂರಿ. ಫೋನಿಗೆ ತಂಬೂರಿ ಆ್ಯಪ್ ಸಿಗುತ್ತದೆ, ಅಮ್ಮನ ಹತ್ತಿರ ಶ್ರುತಿ ಪೆಟ್ಟಿಗೆಯೂ ಇರಬಹುದು. ಅದನ್ನು ‘ಇ’ ಸ್ವರಕ್ಕೆ, ಅಂದರೆ ಮೂರು ಮನೆ ಶ್ರುತಿಗೆ ಇಡಿ. ಪಂಚಮ ಬಿ ಆಗುತ್ತದೆ. ಇದರಲ್ಲಿ ಮೇಜರ್ ಮೈನರ್ ಎರಡೂ ಇಲ್ಲ, ಷಡ್ಜ ಪಂಚಮ ಅಷ್ಟೇ. ಆದ್ದರಿಂದ ಇದರ ಮೇಲೆ, ಪಂಚಮ ಇಲ್ಲದ ಲೋಕ್ರಿಯನ್ ಒಂದನ್ನು ಬಿಟ್ಟು, ಯಾವ ಮೋಡ್ ಬೇಕಾದರೂ ನುಡಿಸಬಹುದು. (ಪೂರ್ತಿ ಸತ್ಯ ಹೇಳಬೇಕೆಂದರೆ, ಚೆನ್ನಾಗಿ ಶ್ರುತಿ ಸೇರಿದ ತಂಬೂರಿಯಲ್ಲಿ ಅಂತರ ಗಾಂಧಾರ ತಾನಾಗಿ ಕೇಳಿಬರುತ್ತದೆ. ಡೋರಿಯನ್ ನುಡಿಸುವಾಗ ಅದು ಸ್ವಲ್ಪ ಕಿರಿಕಿರಿ ಮಾಡಿದರೆ ಗಾಬರಿಯಾಗಬೇಡಿ.)

ಗಿಟಾರಿನಲ್ಲಿ ಮೊದಲನೇ ತಂತಿ, ಅಂದರೆ ಅತಿ ತೆಳುವಾದ ತಂತಿ ಮಾತ್ರ ಬಳಸಿ. ಅದೂ ‘ಇ’. ಖಾಲಿ ತಂತಿ ಷಡ್ಜ, 12ನೇ ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿ) ಮೇಲಿನ ಷಡ್ಜ. ಒಂದೊಂದು ಫ್ರೆಟ್ಟೂ ಒಂದೊಂದು ಸ್ವರಸ್ಥಾನ. ಹೀಗಾಗಿ ಫ್ರೆಟ್ ನಂಬರನ್ನೇ ಸ್ವರವಾಗಿ ಓದಬಹುದು: 1 ಶುದ್ಧ ರಿಷಭ, 2 ಚತುಶ್ರುತಿ ರಿಷಭ, 3 ಸಾಧಾರಣ ಗಾಂಧಾರ, 4 ಅಂತರ ಗಾಂಧಾರ, 5 ಶುದ್ಧ ಮಧ್ಯಮ, 6 ಪ್ರತಿ ಮಧ್ಯಮ, 7 ಪಂಚಮ, 8 ಶುದ್ಧ ಧೈವತ, 9 ಚತುಶ್ರುತಿ ಧೈವತ, 10 ಕೈಶಿಕಿ ನಿಷಾದ, 11 ಕಾಕಲಿ ನಿಷಾದ. ವೀಣೆಯ ಮೆಟ್ಟಿಲುಗಳ ಲೆಕ್ಕವೂ ಇದೇ. ಒಂದೇ ತಂತಿಯಾದ್ದರಿಂದ ಪ್ಯಾಟರ್ನ್ ಅನ್ನುವುದೇ ಇಲ್ಲ. ಬೆರಳು ಅಭ್ಯಾಸಬಲದಿಂದ ಓಡುವುದಕ್ಕೆ ದಾರಿಯೇ ಇರುವುದಿಲ್ಲ, ಪ್ರತಿ ಸ್ವರಕ್ಕೂ ಕಿವಿಯನ್ನೇ ಕೇಳಬೇಕು.

ಕಲ್ಯಾಣಿಯಿಂದ, ಅಂದರೆ ಲಿಡಿಯನ್‌ನಿಂದ ಶುರು ಮಾಡಿ. ಫ್ರೆಟ್‌ಗಳು 0, 2, 4, 6, 7, 9, 11, 12. ಐದು ನಿಮಿಷ ಇದರಲ್ಲೇ ಓಡಾಡಿ, ಆಗಾಗ ಬಂದು ಷಡ್ಜದಲ್ಲಿ ನಿಲ್ಲಿ. ಆಮೇಲೆ ಒಂದೇ ಒಂದು ಸ್ವರ ಬದಲಿಸಿ: 6ನ್ನು 5 ಮಾಡಿ. ಪ್ರತಿ ಮಧ್ಯಮ ಹೋಗಿ ಶುದ್ಧ ಮಧ್ಯಮ ಬಂತು. ಇದು ಶಂಕರಾಭರಣ, ಅಯೋನಿಯನ್. ಈಗ 11ನ್ನು 10 ಮಾಡಿ: ಹರಿಕಾಂಭೋಜಿ, ಮಿಕ್ಸೊಲಿಡಿಯನ್. 4ನ್ನು 3 ಮಾಡಿ: ಖರಹರಪ್ರಿಯ, ಡೋರಿಯನ್. ಇಲ್ಲಿ ಗಾಂಧಾರ ಇಳಿದಿದ್ದರಿಂದ ಮೇಜರ್ ಲೋಕ ಬಿಟ್ಟು ಮೈನರ್ ಲೋಕಕ್ಕೆ ಬಂದಿರಿ. ಎಲ್ಲಕ್ಕಿಂತ ದೊಡ್ಡ ಬದಲಾವಣೆ ಇದೇ ಅನ್ನಿಸುತ್ತದೆ. 9ನ್ನು 8 ಮಾಡಿದರೆ ನಠಭೈರವಿ, ಏಯೋಲಿಯನ್. 2ನ್ನು 1 ಮಾಡಿದರೆ ತೋಡಿ, ಫ್ರಿಜಿಯನ್. ಇನ್ನೊಂದು ಹೆಜ್ಜೆ ಹೋಗಿ 7ನ್ನು 6 ಮಾಡಿದರೆ ಲೋಕ್ರಿಯನ್. ನಮ್ಮ ಪದ್ಧತಿಯಲ್ಲಿ ಪಂಚಮ ಕದಲುವುದಿಲ್ಲ, ನಾವು ತೋಡಿಗೇ ನಿಲ್ಲಿಸುತ್ತೇವೆ.

ಹೊಳಪಿನಿಂದ ಶುರುವಾಗಿ ಒಂದೊಂದೇ ದೀಪ ಆರಿಸುತ್ತಾ ಕತ್ತಲಿಗೆ ಹೋದ ಹಾಗೆ ಈ ಸಾಲು. ಪ್ರತಿ ಸಲವೂ ಬದಲಾಗುವುದು ಒಂದೇ ಸ್ವರ, ಅದೂ ಒಂದೇ ಫ್ರೆಟ್ ಕೆಳಕ್ಕೆ. ಯಾವ ಸ್ವರ ಬದಲಾಯಿತು, ಬದಲಾದಾಗ ಏನನ್ನಿಸಿತು ಅನ್ನುವುದೇ ಆ ಮೋಡ್‌ನ ಪರಿಚಯ. ಡೋರಿಯನ್ ಅಂದರೆ ಏಳು ಸ್ವರದ ಪಟ್ಟಿ ಅಂತ ನೆನಪಿಟ್ಟುಕೊಳ್ಳುವುದಕ್ಕಿಂತ, ‘ಮೈನರ್ ಹೌದು, ಆದರೆ ಧೈವತ ಮಾತ್ರ ಮೇಲಿದೆ’ ಅಂತ ಇಟ್ಟುಕೊಂಡರೆ ಅದು ಕೈಗೆ ಬರುತ್ತದೆ. ಮಿಕ್ಸೊಲಿಡಿಯನ್ ಅಂದರೆ ನಿಷಾದ ಇಳಿದ ಮೇಜರ್. ಲಿಡಿಯನ್ ಅಂದರೆ ಮಧ್ಯಮ ಏರಿದ ಮೇಜರ್. ಫ್ರಿಜಿಯನ್ ಅಂದರೆ ರಿಷಭ ಇಳಿದ ಮೈನರ್.

ಇಲ್ಲಿ ಒಂದು ಎಚ್ಚರಿಕೆ, ಅಮ್ಮ ಹೇಳುವುದಕ್ಕೆ ಮುಂಚೆ ನಾನೇ ಹೇಳಿಬಿಡುತ್ತೇನೆ. ಫ್ರಿಜಿಯನ್ ನುಡಿಸಿ ‘ತೋಡಿ ನುಡಿಸಿದೆ’ ಅನ್ನಬೇಡಿ. ತೋಡಿಯ ಗಾಂಧಾರ 3ನೇ ಫ್ರೆಟ್‌ನಲ್ಲಿ ಸುಮ್ನೆ ಕೂರುವ ಸ್ವರವಲ್ಲ, ಅದು ಗಮಕದಲ್ಲೇ, ಅಂದರೆ ಸ್ವರವನ್ನು ತೂಗುವುದರಲ್ಲೇ ಬದುಕುತ್ತದೆ. ಖರಹರಪ್ರಿಯಕ್ಕೂ ತನ್ನದೇ ಸಂಚಾರ ಇದೆ, ಎಲ್ಲಿ ನಿಲ್ಲಬೇಕು, ಯಾವುದನ್ನು ತೂಗಬೇಕು ಅಂತ ಇದೆ. ಮೋಡ್‌ಗೆ ಅಷ್ಟು ಕಟ್ಟುಪಾಡು ಇಲ್ಲ. ಮೋಡ್‌ಗೆ ಬಣ್ಣ ಕೊಡುವುದು ಕೆಳಗೆ ನುಡಿಯುವ ಕಾರ್ಡ್‌ಗಳು. ರಾಗದ ಹೆಸರನ್ನು ಸ್ವರಸ್ಥಾನ ನೆನಪಿಡುವುದಕ್ಕೆ ಬಳಸಿ, ಅಷ್ಟು ಸಾಕು. ಆದರೆ ಒಂದು ವಿಷಯ ಅಮ್ಮನಿಂದ ಧಾರಾಳವಾಗಿ ಕದಿಯಬಹುದು. ಕಲ್ಯಾಣಿ ಹಾಡುವಾಗ ಷಡ್ಜ ಪಂಚಮ ಬಿಟ್ಟು ನಿ ರಿ ಗ ಮ ದ ನಿ ಅಂತ ಹೋಗುತ್ತಾರಲ್ಲ, ಆ ನಡೆಯನ್ನು ಲಿಡಿಯನ್‌ನಲ್ಲಿ ಹಾಕಿ ನೋಡಿ. ಸ್ಕೇಲ್ ಓಡಿಸಿದ ಹಾಗೆ ಕೇಳುವ ಕಾಯಿಲೆ ಅರ್ಧ ವಾಸಿಯಾಗುತ್ತದೆ.

ಕೆಲವು ವಾರ ತಂಬೂರಿ ಮೇಲೆ ಹೀಗೆ ಮಾಡಿದ ಮೇಲೆ ಕಾರ್ಡ್ ಇರುವ ಟ್ರ್ಯಾಕ್‌ಗೆ ಬನ್ನಿ. ಇಲ್ಲಿ ಒಂದು ಸೂಕ್ಷ್ಮ ಇದೆ. ಇ ಮೈನರ್ 7 ಒಂದೇ ಕಾರ್ಡ್ ಬರುವ ಟ್ರ್ಯಾಕ್ ಇದೆ ಅಂದುಕೊಳ್ಳಿ. ಅದರ ಸ್ವರಗಳು ಇ, ಜಿ, ಬಿ, ಡಿ. ಈ ನಾಲ್ಕೂ ಡೋರಿಯನ್‌ನಲ್ಲಿವೆ, ಏಯೋಲಿಯನ್‌ನಲ್ಲಿವೆ, ಫ್ರಿಜಿಯನ್‌ನಲ್ಲೂ ಇವೆ. ಹಾಗಾಗಿ ಆ ಟ್ರ್ಯಾಕ್‌ಗೆ ಯಾರು ಏನೇ ಹೆಸರಿಟ್ಟಿರಲಿ, ಮೋಡ್ ಯಾವುದು ಅಂತ ತೀರ್ಮಾನಿಸುವವರು ನೀವೇ. ಇದನ್ನು ಅವಕಾಶ ಅಂತ ತೆಗೆದುಕೊಳ್ಳಿ. ಒಂದೇ ಟ್ರ್ಯಾಕ್ ಮೇಲೆ ಮೊದಲು ಧೈವತವನ್ನು 9ರಲ್ಲಿ ನುಡಿಸಿ, ಮುಂದಿನ ಸುತ್ತಿನಲ್ಲಿ 8ರಲ್ಲಿ. ವಾತಾವರಣ ಹೇಗೆ ಬದಲಾಗುತ್ತದೆ ನೋಡಿ.

ಎರಡನೇ ಕಾರ್ಡ್ ಬಂದ ಕೂಡಲೇ ಆ ಸ್ವಾತಂತ್ರ್ಯ ಹೋಗುತ್ತದೆ. ಇ ಮೈನರ್ 7 ಜೊತೆ ಎ7 ಬಂದರೆ ಅದರೊಳಗೆ ಸಿ ಶಾರ್ಪ್ ಇದೆ, ಅಂದರೆ ನಿಮ್ಮ 9ನೇ ಫ್ರೆಟ್. ಈಗ ಡೋರಿಯನ್ ಖಾಯಂ. ಅದರ ಬದಲು ಸಿ ಮೇಜರ್ ಕಾರ್ಡ್ ಬಂದರೆ 8ನೇ ಫ್ರೆಟ್ ಬಂತು, ರಿಷಭ 2ನೇ ಫ್ರೆಟ್‌ನಲ್ಲೇ ಇದ್ದರೆ ಏಯೋಲಿಯನ್ ಆಯಿತು. ಎಫ್ ಮೇಜರ್ ಬಂದರೆ 1ನೇ ಫ್ರೆಟ್ ಬಂತು, ಫ್ರಿಜಿಯನ್. ಇ ಮೇಜರ್ ಜೊತೆ ಡಿ ಮೇಜರ್ ಬಂದರೆ ಮಿಕ್ಸೊಲಿಡಿಯನ್. ಇ ಮೇಜರ್ ಜೊತೆ ಎಫ್ ಶಾರ್ಪ್ ಮೇಜರ್ ಬಂದು, ಬೇಸ್ ಮಾತ್ರ ‘ಇ’ಯಲ್ಲೇ ಉಳಿದರೆ ಲಿಡಿಯನ್.

ಇವನ್ನು ಹುಡುಕಿಕೊಂಡು ಇಂಟರ್ನೆಟ್ ಅಲೆಯುವುದಕ್ಕಿಂತ ನೀವೇ ರೆಕಾರ್ಡ್ ಮಾಡಿಕೊಳ್ಳುವುದು ವಾಸಿ. ಫೋನ್ ಸಾಕು, ಲೂಪರ್ ಪೆಡಲ್ (ನುಡಿಸಿದ್ದನ್ನು ಮತ್ತೆ ಮತ್ತೆ ಕೇಳಿಸುವ ಸಾಧನ) ಇದ್ದರೆ ಇನ್ನೂ ಸುಲಭ. ಲಿಡಿಯನ್‌ಗೆ ಒಂದು ಚೆಂದದ ಉಪಾಯ ಇದೆ. ಮಾಮೂಲಿ ಇ ಮೇಜರ್ ಕಾರ್ಡ್ ಹಿಡಿಯಿರಿ, ನಾಲ್ಕು ಎಣಿಕೆ ಬಾರಿಸಿ. ಅದೇ ಬೆರಳಿನ ಆಕಾರವನ್ನು ಹಾಗೇ ಎರಡು ಫ್ರೆಟ್ ಮೇಲಕ್ಕೆ ಜಾರಿಸಿ. ಮೊದಲನೇ, ಎರಡನೇ, ಆರನೇ ತಂತಿಗಳು ಖಾಲಿಯಾಗಿ ನುಡಿಯಲಿ. ಕಲ್ಯಾಣಿಯ ಪ್ರತಿ ಮಧ್ಯಮ ಮೂರನೇ ತಂತಿಯಲ್ಲಿ ಕೂತಿರುತ್ತದೆ. ಅದೇ ಆಕಾರವನ್ನು ಒಂದೇ ಫ್ರೆಟ್ ಮೇಲಕ್ಕೆ ಜಾರಿಸಿದರೆ ಸ್ಪೇನಿನ ಫ್ಲಮೆಂಕೊ ನೆನಪಾಗುತ್ತದೆ. ಫ್ಲಮೆಂಕೊದಲ್ಲಿ ಮನೆಯ ಕಾರ್ಡ್, ಅಂದರೆ ಷಡ್ಜದ ಮೇಲೆ ಕಟ್ಟಿದ ಕಾರ್ಡ್, ಮೇಜರ್ ಆಗಿರುವುದರಿಂದ ಅಂತರ ಗಾಂಧಾರವೂ ಬರುತ್ತದೆ. ನಮ್ಮ ವಕುಳಾಭರಣದ ಸ್ವರಗಳಿಗೆ ಅದು ಹತ್ತಿರ. ಶುದ್ಧ ಫ್ರಿಜಿಯನ್ ಬೇಕಿದ್ದರೆ ಮೊದಲ ಕಾರ್ಡನ್ನು ಇ ಮೈನರ್ ಮಾಡಿಕೊಳ್ಳಿ.

ಡೋರಿಯನ್ ಟ್ರ್ಯಾಕ್ ಮಾಡುವಾಗ ಮಾತ್ರ ನಾನು ಆಗಲೇ ಹೇಳಿದ ತೊಂದರೆ ಮತ್ತೆ ಬರುತ್ತದೆ. ಇ ಮೈನರ್ 7, ಎ7 ಸಮಸಮವಾಗಿ ಬಂದರೆ ಕಿವಿ ಡಿ ಕಡೆಗೆ ಓಡುತ್ತದೆ. ಅದಕ್ಕೆ ಮೂರು ಬಾರ್ (ಸಾಮಾನ್ಯವಾಗಿ ನಾಲ್ಕು ಎಣಿಕೆಯ ಒಂದು ಸುತ್ತು) ಇ ಮೈನರ್ 7, ಒಂದು ಬಾರ್ ಎ7 ಇಡಿ. ಸಾಧ್ಯವಾದರೆ ತಂಬೂರಿಯೂ ಹಿಂದೆ ಮೀಟುತ್ತಿರಲಿ. ವೇಗ ನಿಮಿಷಕ್ಕೆ 70ರಿಂದ 80 ಬೀಟ್ ದಾಟುವುದು ಬೇಡ.

ಈಗ ನುಡಿಸುವ ವಿಷಯ. ಸುಧಾರಣೆ ಕಾಣದವರಲ್ಲಿ ಹೆಚ್ಚಿನವರು ನಿಲ್ಲದೆ ನುಡಿಸುತ್ತಾರೆ. ಟ್ರ್ಯಾಕ್ ಶುರುವಾದಾಗ ಕೈ ಶುರು, ಮುಗಿದಾಗ ಕೈ ಮುಗಿತು. ನಡುವೆ ಒಂದು ವಾಕ್ಯವೂ ಇಲ್ಲ. ಹಾಗೆ ಮಾಡಬೇಡಿ. ಎರಡು ಬಾರ್ ನುಡಿಸಿ, ಎರಡು ಬಾರ್ ಸುಮ್ಮನಿರಿ. ಸುಮ್ಮನಿರುವಾಗ ಟ್ರ್ಯಾಕ್ ಕೇಳಿ, ಮುಂದಿನ ವಾಕ್ಯವನ್ನು ಬಾಯಲ್ಲಿ ಗುನುಗಿ. ಗುನುಗಿದ್ದನ್ನೇ ನುಡಿಸಿ. ದನಿ ಚೆನ್ನಾಗಿಲ್ಲದಿದ್ದರೂ ಪರವಾಗಿಲ್ಲ, ಸ್ವರ ಸಿಕ್ಕರೆ ಸಾಕು.

ವಾಕ್ಯ ಎಲ್ಲಿಂದ ಶುರುವಾಗುತ್ತದೆ ಅನ್ನುವುದು ಅಷ್ಟು ಮುಖ್ಯ ಅಲ್ಲ, ಎಲ್ಲಿ ಮುಗಿಯುತ್ತದೆ ಅನ್ನುವುದನ್ನು ನೋಡಿಕೊಳ್ಳಿ. ಮೊದಲ ವಾರ ಎಲ್ಲ ವಾಕ್ಯವೂ ಷಡ್ಜದಲ್ಲೇ ಮುಗಿಯಲಿ. ಬೇಜಾರಾಗುತ್ತದೆ, ಆಗಲಿ. ಆಮೇಲೆ ಪಂಚಮದಲ್ಲಿ, ಗಾಂಧಾರದಲ್ಲಿ ಮುಗಿಸಿ. ಇವು ಮನೆಯ ಕಾರ್ಡಿನೊಳಗಿನ ಸ್ವರಗಳು, ಹಾಗಾಗಿ ಗಟ್ಟಿಯಾಗಿ ನಿಲ್ಲುತ್ತವೆ. ಕೊನೆಗೆ ಮೋಡ್‌ನ ವಿಶೇಷ ಸ್ವರದ ಮೇಲೆ ನಿಲ್ಲಿಸಿ ನೋಡಿ. ಡೋರಿಯನ್‌ನಲ್ಲಿ ಇದಕ್ಕೆ ಸರಿಯಾದ ಜಾಗ ಎ7 ಬರುವ ಬಾರ್‌ನ ಮೊದಲ ಬೀಟ್. ಇ ಮೈನರ್ ಇರುವಾಗ 10ನೇ ಫ್ರೆಟ್ ಹಿಡಿದಿರಿ, ಎ7 ಬಿದ್ದ ಕ್ಷಣ 9ಕ್ಕೆ ಇಳಿಯಿರಿ. ಒಂದೇ ಫ್ರೆಟ್‌ನ ಈ ಇಳಿತದಲ್ಲಿ ಡೋರಿಯನ್ ಕೇಳಿಸಿದಷ್ಟು ಸ್ಪಷ್ಟವಾಗಿ ಇಡೀ ಸ್ಕೇಲ್ ಓಡಿಸಿದರೂ ಕೇಳಿಸುವುದಿಲ್ಲ. ನಾನು ಕಲಿಸುವಾಗ ಬೇರೆಲ್ಲಕ್ಕಿಂತ ಜಾಸ್ತಿ ಹೊತ್ತು ಇದರ ಮೇಲೇ ಕಳೆಯುತ್ತೇನೆ.

ಮಿಕ್ಸೊಲಿಡಿಯನ್‌ನಲ್ಲಿ ಡಿ ಕಾರ್ಡ್ ಬಂದಾಗ ಕೈಶಿಕಿ ನಿಷಾದ, ಲಿಡಿಯನ್‌ನಲ್ಲಿ ಎಫ್ ಶಾರ್ಪ್ ಬಂದಾಗ ಪ್ರತಿ ಮಧ್ಯಮ, ಫ್ರಿಜಿಯನ್‌ನಲ್ಲಿ ಎಫ್ ಬಂದಾಗ ಶುದ್ಧ ರಿಷಭ. ಸೂತ್ರ ಅದೇ.

ಒಂದು ತಂತಿಯಲ್ಲಿ ಇಷ್ಟು ಬಂದ ಮೇಲೆ ಎರಡನೇ ತಂತಿ ಸೇರಿಸಿ, ಆಮೇಲೆ ಮೂರನೆಯದು. ಈಗ ನಿಮ್ಮ ಹಳೆಯ ಪ್ಯಾಟರ್ನ್‌ಗಳನ್ನು ಹೊರಗೆ ತೆಗೆಯಿರಿ. ಒಂದು ಸಣ್ಣ ಕೆಲಸ ಮಾಡಿ: ಪ್ರತಿ ಪ್ಯಾಟರ್ನ್‌ನಲ್ಲೂ ಷಡ್ಜ ಎಲ್ಲೆಲ್ಲಿದೆ, ವಿಶೇಷ ಸ್ವರ ಎಲ್ಲಿದೆ ಅಂತ ಗುರುತು ಮಾಡಿಕೊಳ್ಳಿ. ಮಿಕ್ಕ ಸ್ವರಗಳು ನಿಮಗೆ ಆಗಲೇ ಬರುತ್ತವೆ.

ಇಂಟರ್ನೆಟ್‌ನಲ್ಲಿ ಸಿಗುವ ಟ್ರ್ಯಾಕ್ ಬಳಸಲೇಬಾರದು ಅಂತಲ್ಲ. ಆದರೆ ಹೆಸರನ್ನು ನಂಬಬೇಡಿ. ಗಿಟಾರ್ ಮುಟ್ಟದೆ ಒಂದು ನಿಮಿಷ ಬೇಸ್ ಕೇಳಿ, ಯಾವ ಸ್ವರದಲ್ಲಿ ಆರಾಮ ಅನ್ನಿಸುತ್ತದೋ ಅದನ್ನು ಗುನುಗಿ, ಗಿಟಾರಿನಲ್ಲಿ ಅದು ಯಾವುದು ಅಂತ ಪತ್ತೆ ಮಾಡಿ. ‘ಇ ಡೋರಿಯನ್’ ಅಂತ ಬರೆದು ಒಳಗೆ ಸಿ ಮೇಜರ್ ಕಾರ್ಡ್ ಬಾರಿಸುತ್ತಿದ್ದರೆ ಅದು ಡೋರಿಯನ್ ಅಲ್ಲ. ಹಿಂದೆ ಪಿಯಾನೊ, ಇನ್ನೊಂದು ಗಿಟಾರ್, ಕೊಳಲು ಎಲ್ಲ ತಾವೇ ರಾಗ ಎಳೆಯುತ್ತಿದ್ದರೆ ಅಂಥ ಟ್ರ್ಯಾಕ್ ಕೇಳುವುದಕ್ಕೆ ಚೆಂದ, ಕಲಿಯುವುದಕ್ಕೆ ಅಲ್ಲ. ಡ್ರಮ್, ಬೇಸ್, ಒಂದು ಕಾರ್ಡ್ ವಾದ್ಯ, ಇಷ್ಟೇ ಇರುವುದನ್ನು ಆರಿಸಿ.

ನುಡಿಸಿದ್ದನ್ನು ರೆಕಾರ್ಡ್ ಮಾಡಿ ಮಾರನೇ ದಿನ ಕೇಳಿ, ಅದೇ ದಿನ ಬೇಡ. ಅಮ್ಮ ಇದ್ದರೆ ಅವರಿಗೂ ಕೇಳಿಸಿ, ಷಡ್ಜ ಯಾವುದು ಅಂತ ಮಾತ್ರ ಕೇಳಿ.

ಯಾವ ಕ್ರಮದಲ್ಲಿ ಕಲಿಯಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ತಂಬೂರಿ ಮೇಲೆ ಎಲ್ಲವನ್ನೂ ರುಚಿ ನೋಡಿ, ಟ್ರ್ಯಾಕ್ ಮೇಲೆ ಮಾತ್ರ ಮಿಕ್ಸೊಲಿಡಿಯನ್ ಮತ್ತು ಡೋರಿಯನ್ ಇಂದ ಶುರು ಮಾಡಿ. ರಾಕ್, ಬ್ಲೂಸ್, ಫಂಕ್ ಯಾವುದನ್ನು ಮುಟ್ಟಿದರೂ ಇವೆರಡು ಎದುರಾಗುತ್ತವೆ. ಒಂದಕ್ಕೆ ಎರಡು ಮೂರು ವಾರ ಕೊಡಿ. ದಿನಕ್ಕೊಂದು ಮೋಡ್ ಅಂತ ವಾರದಲ್ಲಿ ಏಳು ಮುಗಿಸುವ ಪಾಠಗಳಿವೆ, ಅವು ಯಾರಿಗೂ ಉಪಯೋಗ ಆಗಿದ್ದನ್ನು ನಾನು ಕಂಡಿಲ್ಲ. ಹೆಸರುಗಳ ಇತಿಹಾಸಕ್ಕೂ ತಲೆ ಕೆಡಿಸಿಕೊಳ್ಳಬೇಡಿ. ಹೆಸರು ಗ್ರೀಕರದು, ಆದರೆ ಪುರಾತನ ಗ್ರೀಕರ ಡೋರಿಯನ್ ಬೇರೆ, ನಾವು ನುಡಿಸುವ ಡೋರಿಯನ್ ಬೇರೆ. ಅಯೋನಿಯನ್, ಏಯೋಲಿಯನ್ ಎರಡನ್ನೂ ಗ್ಲಾರಿಯಾನಸ್ ಎಂಬ ಸ್ವಿಸ್ ವಿದ್ವಾಂಸ 1547ರಲ್ಲಿ ಪಟ್ಟಿಗೆ ಸೇರಿಸಿದ.

ಷಡ್ಜ ಗಟ್ಟಿಯಾದ ಮೇಲೆ ಒಂದು ಪರೀಕ್ಷೆ ಬೇಕೆಂದರೆ ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ 1959ರಲ್ಲಿ ರೆಕಾರ್ಡ್ ಮಾಡಿದ ‘ಸೋ ವಾಟ್’ ಇದೆ. ಅದಕ್ಕೆ ಹಿಂದಿನ ಬೀಬಾಪ್ ಜಾಝ್‌ನಲ್ಲಿ ಕಾರ್ಡ್‌ಗಳು ಎಷ್ಟೋ ಸಲ ಎರಡೆರಡು ಬೀಟ್‌ಗೇ ಬದಲಾಗುತ್ತಿದ್ದವು, ನುಡಿಸುವವರು ಅವುಗಳ ಹಿಂದೆ ಓಡಬೇಕಿತ್ತು. ಇಲ್ಲಿ 16 ಬಾರ್ ಪೂರ್ತಿ ಡಿ ಡೋರಿಯನ್, ಆಮೇಲೆ 8 ಬಾರ್ ಅರ್ಧ ಸ್ವರ ಮೇಲಕ್ಕೆ ಇ ಫ್ಲಾಟ್ ಡೋರಿಯನ್, ಮತ್ತೆ 8 ಬಾರ್ ಡಿ ಡೋರಿಯನ್. ಕಾಗದದ ಮೇಲೆ ಇಷ್ಟೇ. ಆದರೆ ಇಲ್ಲಿ ಷಡ್ಜವೇ ಎದ್ದು ಪಕ್ಕಕ್ಕೆ ಹೋಗುತ್ತದೆ, ತಂಬೂರಿ ಇಟ್ಟುಕೊಂಡು ಇದನ್ನು ಕಲಿಯಲು ಆಗದು. ಇದೇ ರಚನೆಯ ಟ್ರ್ಯಾಕ್ ಹಾಕಿಕೊಂಡು, 17ನೇ ಬಾರ್‌ನ ಮೊದಲ ಬೀಟ್‌ಗೆ ಇ ಫ್ಲಾಟ್ ಮೇಲೆ, 25ನೇ ಬಾರ್‌ಗೆ ವಾಪಸ್ ಡಿ ಮೇಲೆ ಇಳಿಯಲು ಪ್ರಯತ್ನಿಸಿ. ಮೊದಮೊದಲು ಆ ಎರಡು ಸ್ವರ ಬಿಟ್ಟು ಬೇರೇನೂ ನುಡಿಸದಿದ್ದರೂ ಸರಿ. ಬಾರ್ ಎಣಿಸುವುದೇ ದೊಡ್ಡ ಕೆಲಸ.

ಲೋಕ್ರಿಯನ್ ಬಗ್ಗೆ ಹೆಚ್ಚು ಹೇಳಲಿಲ್ಲ, ಬೇಕಂತಲೇ. ಅದರಲ್ಲಿ ಪಂಚಮ ಇಲ್ಲದ್ದರಿಂದ ಷಡ್ಜಕ್ಕೆ ಆಸರೆ ಇಲ್ಲ, ಅದರ ಮನೆಯ ಕಾರ್ಡೇ ಅಲುಗಾಡುತ್ತದೆ. ಅದರ ಮೇಲೆ ಹತ್ತು ನಿಮಿಷದ ಟ್ರ್ಯಾಕ್ ಹಾಕಿಕೊಂಡು ಕೂತರೆ ತಲೆನೋವು ಬರುತ್ತದೆ ಅಷ್ಟೇ. ಮುಂದೆ ಇ ಮೈನರ್ ಕೀಯ (ಷಡ್ಜ ‘ಇ’ ಆಗಿರುವ) ಜಾಝ್ ಹಾಡು ಕಲಿಯುವಾಗ ಎಫ್ ಶಾರ್ಪ್ ಹಾಫ್ ಡಿಮಿನಿಶ್ಡ್, ಬಿ7, ಇ ಮೈನರ್ ಅಂತ ಮೂರು ಕಾರ್ಡ್ ಸಾಲಾಗಿ ಬರುತ್ತವೆ. ಆ ಮೊದಲನೇ ಕಾರ್ಡ್ ಮೇಲೆ ಒಂದು ಬಾರ್ ಮಟ್ಟಿಗೆ ಎಫ್ ಶಾರ್ಪ್ ಲೋಕ್ರಿಯನ್ ಬೇಕಾಗುತ್ತದೆ. ಅಲ್ಲಿಯವರೆಗೆ ಬಿಟ್ಟುಬಿಡಿ.